ಬಾಡಿಗೆ ಅಂಗಡಿಯ ಖಾತೆ ಪುಸ್ತಕ ಕಂಪ್ಯೂಟರಿಗೆ ಹೋಗುವಾಗ

ಮಾನ್ಯ ಸಂಪಾದಕರೇ,

ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆಯು 2025ರ ಜುಲೈನಲ್ಲಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದ್ದು, ಅದರಿಂದ ಗಾಬರಿಗೊಂಡ ಅಂಗಡಿಗಳವರು ಕ್ಯೂಆರ್ ಕೋಡ್ ಫಲಕಗಳನ್ನು ತೆಗೆದಿಟ್ಟು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿದ್ದು ತಮ್ಮ ಓದುಗರಿಗೆ ನೆನಪಿರುತ್ತದೆ. ಆ ಗದ್ದಲ ತಣ್ಣಗಾದ ಮೇಲೆ ನಮ್ಮ ತಾಲ್ಲೂಕಿನ ಅಂಗಡಿಗಳಲ್ಲಿ ಲೆಕ್ಕವನ್ನು ಪುಸ್ತಕದಿಂದ ಕಂಪ್ಯೂಟರಿಗೆ ಏರಿಸುವ ಅವಸರ ಶುರುವಾಗಿದೆ. ಕಿರಾಣಿ, ಔಷಧಿ, ಬಟ್ಟೆ ಅಂಗಡಿಗಳ ಮಟ್ಟಿಗೆ ಇದು ಹೊಸದೇನಲ್ಲ. ಅವುಗಳಿಗೆ ಒಗ್ಗುವ ಬಿಲ್ಲಿಂಗ್ ತಂತ್ರಾಂಶಗಳು ಬಹಳ ಹಿಂದೆಯೇ ಬಂದಿವೆ, ಚೆನ್ನಾಗಿಯೂ ನಡೆಯುತ್ತಿವೆ. ಆದರೆ ಅದೇ ತಂತ್ರಾಂಶವನ್ನು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಸಣ್ಣ ಅಂಗಡಿಗಳಿಗೂ ತಂದು ಹಾಕುತ್ತಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಕುಟುಂಬದ್ದೂ ಅಂಥದೇ ಒಂದು ಅಂಗಡಿ. ಅದರ ಲೆಕ್ಕ ಬರೆಯುವ ಕೆಲಸ ಬಹಳ ವರ್ಷಗಳಿಂದ ನನ್ನದು. ಕಾಗದ ಬಿಟ್ಟು ಡೇಟಾಬೇಸಿಗೆ, ಅಂದರೆ ಕಂಪ್ಯೂಟರಿನಲ್ಲಿ ಕ್ರಮವಾಗಿ ಜೋಡಿಸಿಟ್ಟ ದಾಖಲೆಗೆ, ಹೋಗಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬಾಡಿಗೆ ವ್ಯವಹಾರದ ಸ್ವಭಾವವನ್ನು ಅರಿಯದೆ ಮಾಡಿದ ಡೇಟಾಬೇಸು ರಟ್ಟಿನ ಪುಸ್ತಕಕ್ಕಿಂತ ಕೆಟ್ಟದ್ದು ಎಂಬುದನ್ನು ಅಷ್ಟೇ ಖಚಿತವಾಗಿ ಹೇಳಬಲ್ಲೆ.

ಮಾರುವ ಅಂಗಡಿಯಲ್ಲಿ ವಸ್ತು ಒಮ್ಮೆ ಹೊರಗೆ ಹೋದರೆ ಹೋಯಿತು. ಅಲ್ಲಿ ತಿಳಿಯಬೇಕಾದದ್ದು ‘ಇನ್ನೆಷ್ಟು ಉಳಿದಿದೆ’ ಎಂಬುದು ಮಾತ್ರ. ಬಾಡಿಗೆ ಅಂಗಡಿಯಲ್ಲಿ ಹೋದದ್ದು ಮರಳಿ ಬರುತ್ತದೆ, ಮತ್ತೆ ಹೋಗುತ್ತದೆ. ಇಲ್ಲಿ ಗಿರಾಕಿ ಕೇಳುವುದು ‘ಆ ದಿನಕ್ಕೆ ಎಷ್ಟು ಸಿಗುತ್ತದೆ’ ಎಂದು. ಅಂಗಡಿಯಲ್ಲಿ ನಾನೂರು ಕುರ್ಚಿಗಳಿವೆ ಎನ್ನಿ. ಒಬ್ಬರು ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಇನ್ನೂರೈವತ್ತು ಕುರ್ಚಿ ಹೇಳಿ ಅಡ್ವಾನ್ಸ್ ಕೊಟ್ಟು ಹೋಗಿದ್ದಾರೆ. ಇನ್ನೊಬ್ಬರು ಬಂದು ಭಾನುವಾರಕ್ಕೆ ಇನ್ನೂರು ಕೇಳಿದರೆ ನೂರೈವತ್ತರ ಮೇಲೆ ಒಪ್ಪಿಕೊಳ್ಳುವಂತಿಲ್ಲ. ಅದೇ ಇನ್ನೂರನ್ನು ಮಂಗಳವಾರಕ್ಕೆ ಕೇಳಿದರೆ ಧಾರಾಳವಾಗಿ ಕೊಡಬಹುದು. ಮಾರಾಟಕ್ಕೆಂದು ಮಾಡಿದ ತಂತ್ರಾಂಶ ಮೊದಲ ಇನ್ನೂರೈವತ್ತನ್ನು ಕಳೆದು, ಮುಂದಿನ ತಿಂಗಳ ಮದುವೆಗೆ ಕೇಳಿದರೂ ನೂರೈವತ್ತೇ ಇದೆ ಎಂದು ತೋರಿಸುತ್ತದೆ. ಇದಕ್ಕೆ ಕೆಲವು ಮಾರಾಟಗಾರರು ಹೇಳಿಕೊಡುವ ಉಪಾಯವೆಂದರೆ, ಕಳುಹಿಸುವಾಗ ‘ಮಾರಾಟ’ ಎಂದೂ ಮರಳಿ ಬಂದಾಗ ‘ಮಾರಾಟ ವಾಪಸು’ ಎಂದೂ ನಮೂದಿಸುವುದು. ಹಾಗೆ ಮಾಡಿದರೆ ದಾಸ್ತಾನಿನ ಅಂಕಿ ಹೇಗೋ ಸರಿಹೋಗುತ್ತದೆ, ನಿಜ. ಆದರೆ ನಡೆಯದ ಮಾರಾಟಗಳು ಲೆಕ್ಕದಲ್ಲಿ ಸಾಲುಸಾಲಾಗಿ ನಿಲ್ಲುತ್ತವೆ. ತೆರಿಗೆಯವರು ಕೇಳಿದ ದಿನ ಅವುಗಳಿಗೆ ಉತ್ತರ ಹೇಳಬೇಕಾದವರು ಅಂಗಡಿಯವರೇ.

ನಮ್ಮಂಥ ಅಂಗಡಿಗಳಲ್ಲಿ ಇಂದಿಗೂ ನಡೆಯುವ ಕಾಗದದ ಪದ್ಧತಿಯನ್ನು ತಿಳಿಯದವರು ಅದನ್ನು ಅಸ್ತವ್ಯಸ್ತವೆಂದು ಭಾವಿಸುವುದುಂಟು. ಹಾಗೇನಿಲ್ಲ. ದಿನಕ್ಕೊಂದು ಪುಟದ ಡೈರಿಯಲ್ಲಿ ಮುಂಗಡ ಬುಕಿಂಗ್ ಬರೆಯುತ್ತೇವೆ. ಸಾಮಾನು ಹೊರಡುವಾಗ ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ ಚೀಟಿ ಮಾಡುತ್ತೇವೆ. ಗಿರಾಕಿಯ ಹೆಸರಿನ ಖಾತೆಯಲ್ಲಿ ಬಾಡಿಗೆ, ಅಡ್ವಾನ್ಸ್, ಬಾಕಿ ಏರಿಸುತ್ತೇವೆ. ವೈಶಾಖದಲ್ಲಿ ಒಂದೇ ಲಗ್ನಕ್ಕೆ ಐದಾರು ಮನೆಯವರು ಬಂದಾಗ ಡೈರಿಯ ಆ ಪುಟದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದು, ಇನ್ನೊಂದು ಚೀಟಿಯನ್ನು ಗುಂಡುಪಿನ್ನಿನಿಂದ ಚುಚ್ಚಿ ಇಟ್ಟಿರುತ್ತೇವೆ. ಅದನ್ನು ಬರೆದವರಿಗೆ ಎಲ್ಲವೂ ತಿಳಿಯುತ್ತದೆ. ತೊಂದರೆ ಬರುವುದು ಬರೆದವರು ಊರಿನಲ್ಲಿಲ್ಲದ ದಿನ.

ಪಾತ್ರೆಗಳು ಮರಳಿ ಬರುವ ಹೊತ್ತನ್ನು ನೋಡಿದರೆ ಡೇಟಾಬೇಸಿನಲ್ಲಿ ಏನಿರಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಮದುವೆ ಮುಗಿದ ಮರುದಿನ ಲಗೇಜ್ ಆಟೋದಿಂದ ಕೊಳಗ, ಡಬರಿ, ಬಾಣಲೆಗಳನ್ನು ಇಳಿಸಿ ಅಂಗಡಿಯ ಮುಂದೆ ಹರಡುತ್ತಾರೆ. ಒಬ್ಬ ಹುಡುಗ ಎಣಿಸಿ ಕೂಗುತ್ತಾನೆ, ಇನ್ನೊಬ್ಬ ಚೀಟಿಯ ಮೇಲೆ ಗುರುತು ಹಾಕುತ್ತಾನೆ. ಹನ್ನೆರಡು ಸೌಟು ಹೋಗಿದ್ದರೆ ಹತ್ತು ಬಂದಿರುತ್ತವೆ. ಜೊತೆಗೆ ಬೇರೆ ಯಾರದೋ ಹೆಸರು ಕೊರೆದ ಒಂದು ಜಾಲರಿ ಬಂದಿರುತ್ತದೆ. ದೊಡ್ಡ ಕೊಳಗವೊಂದರ ಕಂಠ ನೆಗ್ಗಿರುತ್ತದೆ. ಚೀಟಿಯ ಕೆಳಗೆ ‘ಸೌಟು 2 ಬರಬೇಕು, ಕೊಳಗ ನೆಗ್ಗು, ಜಾಲರಿ 1 ಅವರದು’ ಎಂದು ಬರೆದಾಗುತ್ತದೆ. ಗಿರಾಕಿಯ ಕಡೆಯವರು, “ಸೌಟು ಛತ್ರದಲ್ಲೇ ಉಳಿದಿರಬೇಕು ಅಣ್ಣ, ನಾಳೆ ತಂದುಕೊಡ್ತೀವಿ” ಎನ್ನುತ್ತಾರೆ. ಅವರ ಮಾತನ್ನು ನಂಬಿ ಅಡ್ವಾನ್ಸಿನಲ್ಲಿ ಸ್ವಲ್ಪ ಹಣ ಹಿಡಿದುಕೊಂಡು ಉಳಿದದ್ದನ್ನು ಕೊಟ್ಟು ಕಳುಹಿಸುತ್ತೇವೆ. ಈ ಒಂದು ಸಂಜೆಯಲ್ಲಿ ಭಾಗಶಃ ವಾಪಸಾತಿ, ಕಾಣೆಯಾದ ಸಾಮಾನು, ಜಖಂ, ಅದಲುಬದಲು, ಹಿಡಿದಿಟ್ಟ ಠೇವಣಿ ಎಲ್ಲವೂ ಬಂದುಹೋದವು. ‘ವಾಪಸು ಬಂತು, ಬಂದಿಲ್ಲ’ ಎಂಬ ಎರಡೇ ಗುಂಡಿಗಳಿರುವ ತಂತ್ರಾಂಶದಲ್ಲಿ ಇವುಗಳಲ್ಲಿ ಒಂದನ್ನೂ ಬರೆಯಲು ಜಾಗವಿರುವುದಿಲ್ಲ. ಆಗ ಅಂಗಡಿಯವರು ಮತ್ತೆ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಳ್ಳುತ್ತಾರೆ. ಕಂಪ್ಯೂಟರ್ ತಂದ ಉದ್ದೇಶ ಅಲ್ಲಿಗೇ ಹಾಳಾಗುತ್ತದೆ.

ಡೇಟಾಬೇಸಿನ ಮೂಲ ತತ್ವ ಇಂಥ ಅಂಗಡಿಗೆ ಬಹಳ ಚೆನ್ನಾಗಿ ಹೊಂದುತ್ತದೆ ಎಂಬುದನ್ನೂ ಹೇಳಬೇಕು. ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬೆಳೆದುಬಂದ ಕೋಷ್ಟಕಗಳ ಪದ್ಧತಿಯೇ ಇಂದಿಗೂ ಬ್ಯಾಂಕಿನಿಂದ ಹಿಡಿದು ರೈಲ್ವೆ ಬುಕಿಂಗ್‌ವರೆಗೆ ನಡೆಯುತ್ತಿದೆ. ಅದನ್ನು ಸರಳವಾಗಿ ಹೇಳುವುದಾದರೆ, ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು, ಬೇಕಾದ ಕಡೆಯಿಂದೆಲ್ಲ ಅದಕ್ಕೆ ಕೊಂಡಿ ಹಾಕಬೇಕು. ನಮ್ಮ ಖಾತೆ ಪುಸ್ತಕದಲ್ಲಿ ಒಬ್ಬ ಅಡುಗೆ ಕಂಟ್ರಾಕ್ಟರರ ಫೋನ್ ನಂಬರು ಹತ್ತಾರು ಪುಟಗಳಲ್ಲಿ ಇರುತ್ತದೆ; ಅವರು ನಂಬರು ಬದಲಿಸಿದರೆ ಹೊಸದು ಒಂದು ಪುಟದಲ್ಲಿ, ಹಳೆಯದು ಉಳಿದೆಲ್ಲ ಪುಟಗಳಲ್ಲಿ. ಡೇಟಾಬೇಸಿನಲ್ಲಿ ಗಿರಾಕಿಗಳದ್ದೊಂದು ಕೋಷ್ಟಕ, ಸಾಮಾನುಗಳದ್ದೊಂದು, ಬುಕಿಂಗ್‌ಗಳದ್ದೊಂದು, ಆ ಬುಕಿಂಗಿನಲ್ಲಿ ಯಾವ ಸಾಮಾನು ಎಷ್ಟು ಎಂಬುದಕ್ಕೊಂದು, ಮರಳಿ ಬಂದದ್ದಕ್ಕೆ ಬೇರೆಯೇ ಒಂದು ಕೋಷ್ಟಕ ಇರಬೇಕು. ಈ ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಒಂದೇ ಬುಕಿಂಗಿನ ಸಾಮಾನು ಮೂರು ಸಲಕ್ಕೆ ಬರಬಹುದು. ಪ್ರತಿ ಸಲದ ದಿನಾಂಕ, ಎಣಿಕೆ, ಸ್ಥಿತಿ ಬೇರೆಬೇರೆಯಾಗಿ ಉಳಿಯಬೇಕು. ಹಾಗಿದ್ದರೆ ಎರಡು ಸೌಟಿನ ಬಾಕಿ ಯಾರ ಹೆಸರಿನಲ್ಲಿದೆ ಎಂದು ಆರು ತಿಂಗಳ ನಂತರವೂ ಕ್ಷಣದಲ್ಲಿ ಹೇಳಬಹುದು.

ಇನ್ನು ದಿನಾಂಕದ ವಿಷಯ. ಬಾಡಿಗೆ ಅಂಗಡಿಯ ಡೇಟಾಬೇಸಿನಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಬೇಕು. ತಂತ್ರಾಂಶದಲ್ಲಿ ‘ಕಾರ್ಯಕ್ರಮದ ದಿನಾಂಕ’ ಎಂಬ ಒಂದೇ ಖಾನೆ ಇದ್ದರೆ ಸಾಲದು. ನಮ್ಮವರು ದಿನವನ್ನು ಸೂರ್ಯೋದಯದಿಂದ ಲೆಕ್ಕ ಹಾಕುತ್ತಾರೆ. ಗಡಿಯಾರದ ದಿನಾಂಕ ನಡುರಾತ್ರಿಗೇ ಬದಲಾಗುತ್ತದೆ. “ಭಾನುವಾರ ರಾತ್ರಿ ಮೂರು ಗಂಟೆಯ ಮುಹೂರ್ತ” ಎಂದರೆ ಕಂಪ್ಯೂಟರಿನ ಪಾಲಿಗೆ ಅದು ಸೋಮವಾರ. ಸೋಮವಾರವೆಂದು ಬರೆದುಕೊಂಡು ಸೋಮವಾರ ಬೆಳಿಗ್ಗೆ ಪಾತ್ರೆ ಕಳುಹಿಸಿದರೆ ಅಲ್ಲಿ ಧಾರೆ ಮುಗಿದು ಊಟದ ಹೊತ್ತಾಗಿರುತ್ತದೆ. ಆದ್ದರಿಂದ ಬರೆಯಬೇಕಾದದ್ದು ಮುಹೂರ್ತದ ದಿನವನ್ನಲ್ಲ. ಸಾಮಾನು ಅಂಗಡಿಯಿಂದ ಹೊರಡುವ ದಿನ ಮತ್ತು ಗಂಟೆ, ಮರಳಬೇಕಾದ ದಿನ ಮತ್ತು ಗಂಟೆ. ಒಂದು ಬುಕಿಂಗ್ ಮುಗಿಯುವ ಮೊದಲೇ ಇನ್ನೊಂದು ಶುರುವಾಗುವುದಾದರೆ ಅವೆರಡೂ ಪರಸ್ಪರ ಅಡ್ಡ ಬರುತ್ತವೆ, ಇಲ್ಲವಾದರೆ ಇಲ್ಲ. ಈ ಒಂದು ನಿಯಮವನ್ನು ಸರಿಯಾಗಿ ಅಳವಡಿಸಿದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಮರಳಿ ಬಂದ ಪಾತ್ರೆ ಅದೇ ಗಳಿಗೆಯಲ್ಲಿ ಮತ್ತೆ ಹೊರಡಲು ಸಿದ್ಧವಾಗಿರುವುದಿಲ್ಲ ಎಂಬುದು ಇದರ ಮುಂದುವರಿಕೆ. ಕುರ್ಚಿಯಾದರೆ ಒರೆಸಿ ಕಳುಹಿಸಬಹುದು. ಸಾರು ಕಾಯಿಸಿದ ಕೊಳಗವನ್ನು ಹುಣಸೆಹಣ್ಣು ಹಾಕಿ ಉಜ್ಜಿ, ತೊಳೆದು, ಒಣಗಿಸಬೇಕು. ಅದಕ್ಕೆ ಅರ್ಧ ದಿನವಾದರೂ ಬೇಕು. ಮಳೆಯಲ್ಲಿ ನೆಂದ ಶಾಮಿಯಾನವನ್ನು ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ, ಅದು ಒಣಗಲು ಬಿಸಿಲು ಬರಬೇಕು. ಹಿತ್ತಾಳೆ ಪಾತ್ರೆಗಳು ಕಲಾಯಿಗೆ ಹೋದರೆ ಕೆಲವು ದಿನ ಲೆಕ್ಕದಲ್ಲಿ ಇದ್ದೂ ಇಲ್ಲದಂತೆ. ಪ್ರತಿ ಸಾಮಾನಿಗೂ ‘ತಯಾರಿಗೆ ಬೇಕಾದ ಸಮಯ’ ಎಂಬ ಒಂದು ಖಾನೆ, ‘ದುರಸ್ತಿಯಲ್ಲಿದೆ’ ಎಂಬ ಒಂದು ಸ್ಥಿತಿ ಇಲ್ಲದಿದ್ದರೆ ಕಂಪ್ಯೂಟರು ಇದೆ ಎಂದು ತೋರಿಸಿದ ಪಾತ್ರೆ ಗೋದಾಮಿನಲ್ಲಿ ಇರುವುದಿಲ್ಲ. ಹಾಗೆಯೇ, ತುಂಬು ಲಗ್ನದ ದಿನಗಳಲ್ಲಿ ಪಕ್ಕದ ಊರಿನ ಅಂಗಡಿಯಿಂದ ನಾವು ತರುವುದೂ, ಅವರಿಗೆ ನಾವು ಕೊಡುವುದೂ ರೂಢಿ. ಅಂಥ ಸಾಮಾನನ್ನು ನಮ್ಮ ದಾಸ್ತಾನಿಗೆ ಸೇರಿಸಬಾರದು, ಆದರೆ ಆ ಎರಡು ದಿನಗಳ ಮಟ್ಟಿಗೆ ಬುಕಿಂಗಿಗೆ ಸಿಗುವಂತಿರಬೇಕು. ಕಾಗದದಲ್ಲಿ ಒಂದು ಸಾಲಿನಲ್ಲಿ ಮುಗಿಯುವ ಈ ಸಂಗತಿಗೆ ಡೇಟಾಬೇಸಿನಲ್ಲಿ ಮೊದಲೇ ಜಾಗ ಯೋಚಿಸಿಡದಿದ್ದರೆ ಆಮೇಲೆ ತುರುಕುವುದು ಕಷ್ಟ.

ಎಕ್ಸೆಲ್ ಹಾಳೆಯೇ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಸಾಮಾನಿನ ಪಟ್ಟಿ ಇಡಲು ಸಾಕು. ಬುಕಿಂಗಿಗೆ ಅದನ್ನು ನೆಚ್ಚಿಕೊಳ್ಳಬಾರದು. ‘05/06’ ಎಂದು ಬರೆದದ್ದು ಕಂಪ್ಯೂಟರಿನ ಪ್ರಾದೇಶಿಕ ಹೊಂದಾಣಿಕೆಗೆ ತಕ್ಕಂತೆ ಜೂನ್ 5 ಆಗಬಹುದು, ಮೇ 6 ಕೂಡ ಆಗಬಹುದು. ಎರಡೂ ಮದುವೆಯ ಕಾಲವೇ ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಹೆಸರಿನ ಕಂಬವೊಂದನ್ನೇ ಆರಿಸಿ ಅಕಾರಾದಿಯಾಗಿ ಜೋಡಿಸಿದರೆ ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಬಾಕಿ ಬಂದು ಕೂರುತ್ತದೆ. ಡೇಟಾಬೇಸಿನಲ್ಲಿ ಒಂದು ಸಾಲಿನ ವಿವರಗಳು ಒಟ್ಟಿಗೇ ಇರುತ್ತವೆ. ದಿನಾಂಕದ ಖಾನೆಯನ್ನು ದಿನಾಂಕವೆಂದೇ ಗೊತ್ತುಮಾಡಿ, ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿ ಇಡಬಹುದು.

ತೆರಿಗೆಯ ವಿಷಯಕ್ಕೆ ಬರುತ್ತೇನೆ. ಒಡೆತನ ವರ್ಗಾಯಿಸದೆ ಸಾಮಾನನ್ನು ಬಳಕೆಗೆ ಕೊಡುವುದು ಜಿಎಸ್‌ಟಿ ಕಾಯ್ದೆಯ ಪ್ರಕಾರ ಸೇವೆ. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಾದರೆ ನಮ್ಮಂಥವರಿಗೆ ಅದು 20 ಲಕ್ಷ. ಬಾಡಿಗೆ ಅಂಗಡಿಯ ಬ್ಯಾಂಕ್ ಖಾತೆಗೆ ಬರುವ ಹಣವೆಲ್ಲ ಬಾಡಿಗೆಯಲ್ಲ; ಅದರಲ್ಲಿ ಮರಳಿ ಕೊಡಬೇಕಾದ ಠೇವಣಿಯೂ ಇರುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ 2(31)ನೇ ಕಲಮಿನ ಪ್ರಕಾರ ಇಂಥ ಠೇವಣಿಯನ್ನು ಬಾಡಿಗೆಗೆ ವಜಾ ಮಾಡಿಕೊಳ್ಳುವವರೆಗೆ ಸೇವೆಗಾಗಿ ಪಡೆದ ಹಣವೆಂದು ಎಣಿಸುವಂತಿಲ್ಲ. ಆದರೆ ಯುಪಿಐ ವಿವರದಲ್ಲಿ ಠೇವಣಿಯ ಐದು ಸಾವಿರವೂ ಬಾಡಿಗೆಯ ಐದು ಸಾವಿರವೂ ಒಂದೇ ರೀತಿ ಕಾಣುತ್ತವೆ. ನಮ್ಮ ಚೀಟಿಗಳಲ್ಲೂ ‘ಅಡ್ವಾನ್ಸ್’ ಎಂಬ ಒಂದೇ ಮಾತಿನಲ್ಲಿ ಬಾಡಿಗೆಯ ಮುಂಗಡ ಮತ್ತು ಮರಳಿ ಕೊಡುವ ಠೇವಣಿ ಎರಡನ್ನೂ ಬರೆಯುವ ಅಭ್ಯಾಸವಿದೆ. ಡೇಟಾಬೇಸು ಮಾಡುವವರು ಇವೆರಡಕ್ಕೂ ಬೇರೆಬೇರೆ ಖಾನೆ ಇಟ್ಟು, ಠೇವಣಿ ಬಂದ ದಿನ, ಮರಳಿಸಿದ ದಿನ, ಹಿಡಿದುಕೊಂಡ ಮೊತ್ತ, ಅದರ ಕಾರಣ ಇಷ್ಟನ್ನು ಬರೆಯುವಂತೆ ಮಾಡಿದರೆ, ನೋಟಿಸ್ ಬಂದ ದಿನ ಸಣ್ಣ ಅಂಗಡಿಯವರ ಕೈಯಲ್ಲಿ ಉತ್ತರವಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಬರೀ ಈ ಒಂದು ಕಾರಣಕ್ಕಾದರೂ ಕಾಗದದಿಂದ ಡೇಟಾಬೇಸಿಗೆ ಹೋಗಬೇಕು.

ಇದರ ಜೊತೆಗೆ ಗಮನಿಸಬೇಕಾದದ್ದು ತಿದ್ದುಪಡಿಯ ಕ್ರಮ. ಒಳ್ಳೆಯ ಲೆಕ್ಕ ಬರೆಯುವವರು ತಪ್ಪಾದ ಅಂಕಿಯನ್ನು ಅಳಿಸುವುದಿಲ್ಲ. ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕುತ್ತಾರೆ. ಜಿಎಸ್‌ಟಿ ನಿಯಮಾವಳಿಯ 56ನೇ ನಿಯಮವೂ ನೋಂದಾಯಿತ ವ್ಯಾಪಾರಿಗಳಿಗೆ ಇದನ್ನೇ ಹೇಳುತ್ತದೆ. ಲೆಕ್ಕವನ್ನು ಎಲೆಕ್ಟ್ರಾನಿಕ್ ರೂಪದಲ್ಲಿಟ್ಟರೆ ತಿದ್ದಿದ ಹಾಗೂ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆಯೂ ಇರಬೇಕೆಂದು ವಿಧಿಸುತ್ತದೆ. ಪರಿಚಿತರ ಹುಡುಗನೊಬ್ಬ ರಜೆಯಲ್ಲಿ ಮಾಡಿಕೊಟ್ಟ ಡೇಟಾಬೇಸಿನಲ್ಲಿ ಸಾಮಾನ್ಯವಾಗಿ ‘ಅಳಿಸು’ ಎಂಬ ಗುಂಡಿ ಇರುತ್ತದೆ, ಅಳಿಸಿದ್ದರ ಗುರುತು ಎಲ್ಲಿಯೂ ಇರುವುದಿಲ್ಲ. ಬುಕಿಂಗ್ ರದ್ದಾದರೆ ಅದನ್ನು ಅಳಿಸದೆ ‘ರದ್ದು’ ಎಂದು ಗುರುತಿಸಿ, ಯಾವಾಗ, ಯಾರು ಮಾಡಿದರು ಎಂಬುದನ್ನು ಉಳಿಸಬೇಕು. ಗಿರಾಕಿ ಬಂದು “ನಾವು ಮುನ್ನೂರು ಹೇಳಿದ್ದೆವು, ನೀವು ಇನ್ನೂರು ಕಳುಹಿಸಿದ್ದೀರಿ” ಎಂದಾಗ ಇದು ಎರಡೂ ಕಡೆಯವರನ್ನು ಕಾಯುತ್ತದೆ.

ಕನ್ನಡದಲ್ಲಿ ನಮೂದಿಸುವ ಬಗ್ಗೆ ಕೆಲವು ಮಾತು. ಅಂಗಡಿಯ ಹುಡುಗರು ಓದಿ ಸಾಮಾನು ಎಣಿಸಬೇಕಾದ ಚೀಟಿ ಕನ್ನಡದಲ್ಲೇ ಇರಬೇಕು ಎಂಬುದು ನನ್ನ ದೃಢವಾದ ನಿಲುವು. ಇಂಗ್ಲಿಷಿನಲ್ಲಿ ಹೆಸರು ಬರೆದರೆ ಒಬ್ಬರೇ ಗಿರಾಕಿ ಮೂರು ಕಾಗುಣಿತಗಳಲ್ಲಿ ಮೂರು ಜನರಾಗುತ್ತಾರೆ. ಆದರೆ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ ಹೆಸರುಗಳು ಕಂಪ್ಯೂಟರಿನೊಳಗೆ ಇಂಗ್ಲಿಷ್ ಅಕ್ಷರಗಳಾಗಿಯೇ ಕುಳಿತಿರುತ್ತವೆ. ಆ ಫಾಂಟ್ ಇಲ್ಲದ ಕಡೆ ಅವು ಅರ್ಥವಿಲ್ಲದ ಗುರುತುಗಳು. ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಓದುವ ಯುನಿಕೋಡ್ ಸಂಕೇತದಲ್ಲೇ ನಮೂದಿಸಬೇಕು. ಯುನಿಕೋಡಿನಲ್ಲೂ ಒಂದು ಸೂಕ್ಷ್ಮವಿದೆ: ‘ಕೊಳಗ’ದ ಮೊದಲ ಅಕ್ಷರದ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಉಳಿಸಬಹುದು, ಎತ್ವ ಮತ್ತು ಊತ್ವ ಎಂಬ ಎರಡು ಚಿಹ್ನೆಗಳಾಗಿಯೂ ಉಳಿಸಬಹುದು. ಪರದೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ, ಹುಡುಕಿದಾಗ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ನಮೂದಾದ ಪಠ್ಯವನ್ನು ಒಂದೇ ರೂಪಕ್ಕೆ ತಂದು ಉಳಿಸುವ ಸೌಲಭ್ಯ ಬಳಕೆಯಲ್ಲಿರುವ ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಬಳಸಬೇಕೆಂದು ಮಾಡುವವರಿಗೆ ಗೊತ್ತಿರಬೇಕು ಅಷ್ಟೆ. ಎಣಿಕೆಯನ್ನು ಕನ್ನಡ ಅಂಕಿಗಳಲ್ಲಿ ಟೈಪು ಮಾಡಿದರೆ ಹಲವು ತಂತ್ರಾಂಶಗಳು ಅದನ್ನು ಸಂಖ್ಯೆಯೆಂದು ಗುರುತಿಸದೆ ಮೊತ್ತದಿಂದ ಬಿಟ್ಟುಬಿಡುತ್ತವೆ ಎಂಬುದನ್ನೂ ನೋಡಿಕೊಳ್ಳಬೇಕು.

ಮುಂದಿನದು ನನಗೆ ಹೆಚ್ಚು ಕಳವಳ ತಂದಿರುವ ವಿಷಯ. ನಮಗೆ ಪರಿಚಯದ ಅಂಗಡಿಯೊಂದರವರು ವರ್ಷದ ಚಂದಾ ಕಟ್ಟುವ ತಂತ್ರಾಂಶ ಹಾಕಿಸಿಕೊಂಡಿದ್ದರು. ಒಂದು ವರ್ಷ ಚಂದಾ ಕಟ್ಟುವುದು ತಡವಾಯಿತು. ತಂತ್ರಾಂಶ ತೆರೆಯುವುದೇ ನಿಂತಿತು. ಅವರದೇ ಗಿರಾಕಿಗಳು, ಅವರದೇ ಬಾಕಿಗಳು, ಎದುರಿಗೇ ಇದ್ದ ಮದುವೆಗಳ ಬುಕಿಂಗ್‌ಗಳು ಅವರ ಕೈಗೇ ಸಿಗದೆ, ಡೈರಿ ಬರೆಯುವುದನ್ನು ಮೊದಲೇ ನಿಲ್ಲಿಸಿಬಿಟ್ಟಿದ್ದರಿಂದ, ಬಂದವರನ್ನೆಲ್ಲ “ನಿಮ್ಮದು ಯಾವ ದಿನಕ್ಕೆ, ಎಷ್ಟು ಹೇಳಿದ್ದಿರಿ” ಎಂದು ಕೇಳುವ ಸ್ಥಿತಿ ಬಂತು. ಅಂಗಡಿಯ ದಾಖಲೆ ಅಂಗಡಿಯವರ ಸ್ವತ್ತು. ಅದು ಅವರ ಬಳಿ, ತಂತ್ರಾಂಶ ಇಲ್ಲದೆಯೂ ತೆರೆಯಬಹುದಾದ ರೂಪದಲ್ಲಿ ಇರಬೇಕು. ಇದಕ್ಕೆ ದುಬಾರಿ ವ್ಯವಸ್ಥೆಯೇನೂ ಬೇಕಿಲ್ಲ. ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಹೊರತಂದು ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಟ್ಟ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸು ಇಂದು ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಇದೆ. ಅದಕ್ಕೆ ಪರವಾನಗಿ ಶುಲ್ಕವಿಲ್ಲ, ಬೇರೆ ಸರ್ವರ್ ಬೇಕಿಲ್ಲ, ಇಡೀ ಅಂಗಡಿಯ ಲೆಕ್ಕ ಒಂದೇ ಕಡತದಲ್ಲಿರುತ್ತದೆ. ನಮೂದಿನ ಮಧ್ಯೆ ಕರೆಂಟು ಹೋದರೆ ಅರ್ಧಂಬರ್ಧ ಬರೆದದ್ದು ಉಳಿಯದಂತೆ, ಹಿಂದಿನ ಸ್ಥಿತಿಗೆ ಮರಳುವ ವ್ಯವಸ್ಥೆಯೂ ಅದರಲ್ಲಿದೆ. ಒಂದು ಕಂಪ್ಯೂಟರಿನ ಅಂಗಡಿಗೆ ಅದು ಧಾರಾಳವಾಗಿ ಸಾಕು.

ಕಡತ ಒಂದೇ ಆದ್ದರಿಂದ ಅದರ ನಕಲು ಇಡುವುದು ಸುಲಭ, ಕಳೆದುಕೊಳ್ಳುವುದೂ ಸುಲಭ. ದಿನದ ಕೆಲಸ ಮುಗಿಸಿ ತಂತ್ರಾಂಶ ಮುಚ್ಚಿದ ಮೇಲೆ ಒಂದು ಪ್ರತಿ ಪೆನ್‌ಡ್ರೈವಿಗೆ ಹೋಗಬೇಕು, ಆ ಪೆನ್‌ಡ್ರೈವು ಅಂಗಡಿಯಲ್ಲಿರದೆ ಮನೆಗೆ ಬರಬೇಕು. ನಕಲು ತೆಗೆದುಕೊಂಡರಷ್ಟೇ ಆಗಲಿಲ್ಲ, ಆಗಾಗ ಅದನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಲೆಕ್ಕ ಸರಿಯಾಗಿ ಬರುತ್ತದೆಯೇ ಎಂದು ನೋಡಬೇಕು. ದಾಖಲೆ ನಾಶವಾದರೂ ನಕಲಿನಿಂದ ಮರಳಿ ಪಡೆಯುವಂತಿರಬೇಕೆಂದು ಜಿಎಸ್‌ಟಿ ನಿಯಮಾವಳಿಯ 57ನೇ ನಿಯಮವೂ ಹೇಳುತ್ತದೆ.

ಬಾಡಿಗೆ ಅಂಗಡಿಗಳಲ್ಲಿ ಭದ್ರತೆಗೆಂದು ಆಧಾರ್ ಜೆರಾಕ್ಸ್ ತೆಗೆದುಕೊಳ್ಳುವ ರೂಢಿಯಿದೆ. ಅವು ಮೇಜಿನ ಖಾನೆಯಲ್ಲಿ ಕಟ್ಟುಕಟ್ಟಾಗಿ ಬಿದ್ದಿರುತ್ತವೆ. ಅವನ್ನೆಲ್ಲ ಸ್ಕ್ಯಾನ್ ಮಾಡಿ ಡೇಟಾಬೇಸಿಗೆ ಸೇರಿಸುವ ಉತ್ಸಾಹ ಬೇಡವೆಂದು ಕೈಮುಗಿದು ಕೇಳುತ್ತೇನೆ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಾನೂನು ಏನೇ ಇರಲಿ, ಕುರ್ಚಿ ಬಾಡಿಗೆಗೆ ಕೊಡಲು ಗಿರಾಕಿಯ ಹೆಸರು, ಫೋನ್ ನಂಬರು, ಸಾಮಾನು ಇಳಿಸಬೇಕಾದ ವಿಳಾಸ ಸಾಕು. ಗುರುತು ಬೇಕೇ ಬೇಕೆನಿಸಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕು ಆಧಾರ್ ನೋಡಿ ಹಿಂದಿರುಗಿಸಬಹುದು.

ಪುಸ್ತಕದಿಂದ ಕಂಪ್ಯೂಟರಿಗೆ ದಾಟುವ ಕಾಲವನ್ನೂ ಯೋಚಿಸಿ ಆರಿಸಬೇಕು. ನಮ್ಮ ವ್ಯಾಪಾರಕ್ಕೆ ಆಷಾಢ ಬಿಡುವಿನ ತಿಂಗಳು. ಮದುವೆ, ಗೃಹಪ್ರವೇಶ ಇರುವುದಿಲ್ಲ, ಪಾತ್ರೆಗಳೆಲ್ಲ ಗೋದಾಮಿನಲ್ಲೇ ಇರುತ್ತವೆ. ಹಳೆಯ ಚೀಟಿಯ ಲೆಕ್ಕವನ್ನು ನಂಬದೆ ಪ್ರತಿ ಸಾಮಾನನ್ನೂ ಕೈಯಿಂದ ಮುಟ್ಟಿ ಎಣಿಸಿ ದಾಸ್ತಾನು ಬರೆಯಲು ಅದೇ ಸಕಾಲ. ಹಳೆಯ ಪುಸ್ತಕಗಳನ್ನೆಲ್ಲ ಟೈಪು ಮಾಡುವ ಅಗತ್ಯವಿಲ್ಲ. ದಾಸ್ತಾನು, ಇನ್ನೂ ತೀರದ ಬಾಕಿಗಳು, ಮುಂದಿನ ಬುಕಿಂಗ್‌ಗಳು ಇಷ್ಟೇ ಏರಿಸಿದರೆ ಸಾಕು. ಆದರೆ ಪುಸ್ತಕಗಳನ್ನು ರದ್ದಿಗೆ ಹಾಕಬಾರದು. ನೋಂದಣಿ ಇರುವವರು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕ ಕಾಪಾಡಬೇಕೆಂಬ ನಿಯಮವೇ ಇದೆ. ಗಿರಾಕಿ ಸಹಿ ಹಾಕುವ ಸಾಮಾನಿನ ಚೀಟಿ ಮಾತ್ರ ಮುಂದೆಯೂ ಕಾಗದದಲ್ಲೇ ಇರುವುದು ಒಳ್ಳೆಯದು, ಮುದ್ರಿಸಿದ್ದಾದರೂ ಸರಿ. ಎದುರಾಬದುರಾ ಎಣಿಸಿ ಸಹಿ ಹಾಕಿದ ಕಾಗದಕ್ಕೆ ಇರುವ ಬಲ ಪರದೆಯ ಮೇಲಿನ ಸಾಲಿಗೆ ನಮ್ಮ ಊರುಗಳಲ್ಲಿ ಇನ್ನೂ ಬಂದಿಲ್ಲ.

ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡ ಅನುಭವವೊಂದಿದೆ. ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯಲ್ಲಿ, ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಗೊತ್ತಾದ ದಿನದಿಂದ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಲಾಯಿತು. ಎರಡೂ ಒಟ್ಟಿಗೆ ನಡೆದಿದ್ದರೆ ಯಾವುದು ನಿಜವೆಂಬ ಜಗಳ ಮುಗಿಯುತ್ತಿರಲಿಲ್ಲ. ಸಣ್ಣ ಅಂಗಡಿಗೂ ಇದು ಅನ್ವಯಿಸುತ್ತದೆ: ಆಷಾಢದಲ್ಲಿ ಎರಡನ್ನೂ ಬರೆದು ತಾಳೆ ನೋಡಿ, ಶ್ರಾವಣದ ಒಂದು ದಿನದಿಂದ ಡೇಟಾಬೇಸೇ ಪ್ರಮಾಣ ಎಂದು ಮನೆಯವರೆಲ್ಲ ಒಪ್ಪಿಕೊಳ್ಳಬೇಕು. ಪಹಣಿಯಲ್ಲಿ ಸೇರಿಕೊಂಡ ಹೆಸರು, ವಿಸ್ತೀರ್ಣಗಳ ತಪ್ಪುಗಳನ್ನು ಸರಿಪಡಿಸಿಕೊಳ್ಳಲು ತಾಲ್ಲೂಕು ಕಚೇರಿಗೆ ಅಲೆದ ರೈತರು ನಮ್ಮ ನಡುವೆಯೇ ಇದ್ದಾರೆ. ಆದ್ದರಿಂದ ನಮೂದಿಸಿದ್ದನ್ನು ಮುದ್ರಿಸಿ, ಪುಸ್ತಕ ಬರೆದವರ ಮುಂದೆ ಇಟ್ಟು, ಸಾಲುಸಾಲಾಗಿ ಓದಿಸಿ ಒಪ್ಪಿಗೆ ಪಡೆದ ಮೇಲೆಯೇ ಆ ದಿನವನ್ನು ಗೊತ್ತುಮಾಡಬೇಕು.

ಇದನ್ನೆಲ್ಲ ಮಾಡಿಕೊಡುವವರು ಯಾರು ಎಂಬುದು ಉಳಿದಿರುವ ಪ್ರಶ್ನೆ. ಪ್ರತಿ ವರ್ಷ ನಮ್ಮ ಪದವಿ ಕಾಲೇಜುಗಳ ಬಿಸಿಎ ವಿದ್ಯಾರ್ಥಿಗಳೂ ಪಾಲಿಟೆಕ್ನಿಕ್ ವಿದ್ಯಾರ್ಥಿಗಳೂ ಕೊನೆಯ ವರ್ಷದಲ್ಲಿ ಒಂದು ಪ್ರಾಜೆಕ್ಟ್ ಮಾಡುತ್ತಾರೆ. ಗ್ರಂಥಾಲಯ ನಿರ್ವಹಣೆ, ಆಸ್ಪತ್ರೆ ನಿರ್ವಹಣೆ ಎಂಬ ಶೀರ್ಷಿಕೆಗಳಲ್ಲಿ ಯಾವ ಗ್ರಂಥಾಲಯಕ್ಕೂ ಯಾವ ಆಸ್ಪತ್ರೆಗೂ ತಲುಪದ ಡೇಟಾಬೇಸುಗಳು ತಯಾರಾಗಿ, ಅಂಕ ಬಂದ ಮೇಲೆ ಅಲ್ಲೇ ಉಳಿಯುತ್ತವೆ. ಅದೇ ಶ್ರಮವನ್ನು ತಮ್ಮ ಊರಿನ ಒಂದು ಪಾತ್ರೆ ಅಂಗಡಿಗೋ, ನಾಟಕದ ಪರಿಕರ ಬಾಡಿಗೆಗೆ ಕೊಡುವವರಿಗೋ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರಕ್ಕೋ ಹಾಕಬಹುದು. ಟ್ರ್ಯಾಕ್ಟರ್ ಬಾಡಿಗೆಗೂ ಕೊಳಗದ ಬಾಡಿಗೆಗೂ ಬೇಕಾಗುವ ಕೋಷ್ಟಕಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನ ವಿನಂತಿ ಇಷ್ಟು: ಮಕ್ಕಳನ್ನು ಮೊದಲು ಒಂದು ಲಗ್ನದ ಕಾಲವಿಡೀ ಅಂಗಡಿಯಲ್ಲಿ ಕೂರಿಸಿ, ಸಾಮಾನು ಹೋಗುವುದನ್ನೂ ಬರುವುದನ್ನೂ ನೋಡಲು ಬಿಡಿ, ಪ್ರೋಗ್ರಾಮ್ ಬರೆಯುವುದು ಅದಾದ ಮೇಲೆ. ಮುಗಿದ ದಿನ ಕಡತವನ್ನೂ, ಅದನ್ನು ತೆರೆಯುವ ಬಗೆಯನ್ನು ಕನ್ನಡದಲ್ಲಿ ಬರೆದ ನಾಲ್ಕು ಪುಟಗಳನ್ನೂ ಅಂಗಡಿಯವರ ಕೈಗೆ ಕೊಡಲಿ, ಮುಂದಿನ ಮಾಘದ ಲಗ್ನಗಳಲ್ಲಿ ಒಮ್ಮೆ ಬಂದು ಏನು ಕೆಟ್ಟಿದೆ ಎಂದು ನೋಡಿ ಸರಿಮಾಡಿಕೊಡಲಿ, ಅಂಕಗಳನ್ನು ಆಮೇಲೆ ನೀಡಲಿ. ನಮ್ಮ ಅಂಗಡಿಯ ಡೈರಿಗಳನ್ನೂ ಚೀಟಿಗಳನ್ನೂ, ಗಿರಾಕಿಗಳ ಹೆಸರು ಮುಚ್ಚಿ, ಅಂಥ ವಿದ್ಯಾರ್ಥಿಗಳ ಅಭ್ಯಾಸಕ್ಕೆ ತೆರೆದಿಡಲು ನಾವು ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ಶಾಮಿಯಾನ ಮತ್ತು ಪಾತ್ರೆ ಬಾಡಿಗೆ ಅಂಗಡಿಯ ಲೆಕ್ಕ ಬರೆಯುವವರು,
ತಿಪಟೂರು